ಕಹಿಯಿಂದ ಶುರುವಾಗುವ ಊಟ

ಕೋಲ್ಕತ್ತದಲ್ಲಿ ಮಧ್ಯಾಹ್ನದ ಊಟ ಕಹಿಯಿಂದ ಶುರುವಾಗುತ್ತದೆ. ನಮ್ಮಲ್ಲಿ ಎಲೆಯ ತುದಿಗೆ ಉಪ್ಪು, ಕೋಸಂಬರಿ, ಪಲ್ಯ ಬಿದ್ದು, ಆಮೇಲೆ ಅನ್ನಕ್ಕೆ ತೊವ್ವೆ ತುಪ್ಪ ಬರುತ್ತದೆ. ಅಲ್ಲಿ ಬಿಸಿ ಅನ್ನದ ಮೇಲೆ ಮೊದಲು ಬೀಳುವುದು ಹಾಗಲಕಾಯಿ ಹಾಕಿದ ಶುಕ್ತೊ. ಅದಾದ ಮೇಲೆ ಬೇಳೆ, ಬೇಳೆಯ ಜೊತೆಗೆ ಏನಾದರೂ ಕರಿದದ್ದು, ಆಮೇಲೆ ತರಕಾರಿ, ಆಮೇಲೆ ಮೀನು, ಮೀನಾದ ಮೇಲೆ ಮಾಂಸ. ಮಾಂಸ ಮುಗಿದ ಮೇಲೆ ಸಿಹಿ ಹುಳಿ ಬೆರೆತ ಚಟ್ನಿ ಮತ್ತು ಹಪ್ಪಳ. ಕೊನೆಗೆ ಮೊಸರು, ಮಿಠಾಯಿ. ಒಂದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಎಲ್ಲವನ್ನೂ ಒಟ್ಟಿಗೆ ಬಡಿಸಿಕೊಂಡು ಕಲೆಸಿ ಉಣ್ಣುವುದನ್ನು ಅಲ್ಲಿನ ಹಿರಿಯರು ಒಪ್ಪುವುದಿಲ್ಲ. ಹೀಗಾಗಿ ಊಟಕ್ಕೆ ಕೂತವರು ಕೂತೇ ಇರಬೇಕು, ಕೂತಷ್ಟು ಹೊತ್ತೂ ಮಾತಾಡಬೇಕು.

ನಾನು ಹಾಗೆ ಕೂತದ್ದು ಜನವರಿಯ ಒಂದು ಭಾನುವಾರ. ಕರೆಸಿಕೊಂಡವಳು ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲೇ ಇದ್ದ ಗೆಳತಿ. ಸಾಗರದ ಕಡೆಯ ಅಡಿಕೆ ತೋಟದ ಮನೆಯವಳು, ಮೊಟ್ಟೆಯನ್ನೂ ಮುಟ್ಟದವಳು. ಬ್ಯಾಂಕಿನ ಕೆಲಸ ಸಿಕ್ಕಿ ಕೋಲ್ಕತ್ತಕ್ಕೆ ಹೋದಳು, ಅಲ್ಲಿಯವರನ್ನೇ ಮದುವೆಯಾಗಿ ಅಲ್ಲೇ ಉಳಿದಳು. ಅವಳ ಗಂಡನನ್ನು ನಾನು ದಾದಾ ಎನ್ನುತ್ತೇನೆ. ನಾಲ್ಕನೆಯವರು ಅವರಿಬ್ಬರ ಹಳೆಯ ಸ್ನೇಹಿತೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಅವರು ನಮ್ಮೆಲ್ಲರಿಗೂ ದೀದಿ. ದಾದಾನ ತಾಯಿ ಮಾತ್ರ ಮೊಣಕಾಲಿನ ನೋವಿನಿಂದ ಬರಲಿಲ್ಲ. ಬಾಗಿಲವರೆಗೆ ಬಂದು, ಶುಕ್ತೊ ತಿನ್ನದೆ ಬೇರೆ ಏನನ್ನೂ ಮುಟ್ಟಬೇಡಿ ಎಂದು ಹೇಳಿ ಕಳಿಸಿದರು.

ಬೆಳಿಗ್ಗೆ ದಾದಾ ನನ್ನನ್ನು ಗರಿಯಾಹಾಟ್ ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದರು. ಹೋಟೆಲಿನಲ್ಲಿ ಊಟ ಎಂದು ಗೊತ್ತಿದ್ದೂ ಯಾಕೆ ಮಾರುಕಟ್ಟೆ ಎಂದು ಕೇಳಿದರೆ, ತಿನ್ನುವ ಮೊದಲು ನೋಡಬೇಕು ಎಂದರು. ನೋಡುವುದಕ್ಕೆ ಬೇಕಾದಷ್ಟಿತ್ತು. ಚಳಿಗಾಲದ ಹೂಕೋಸು, ಎಳೆ ಬಟಾಣಿ, ಕಟ್ಟುಕಟ್ಟು ಪಾಲಕ್, ಬಿಳಿ ಮೂಲಂಗಿ. ಮೀನಿನ ಸಾಲಿನಲ್ಲಿ ಮಾರುವವರು ಎತ್ತರದ ಕಟ್ಟೆಯ ಮೇಲೆ ಕೂತು, ಎದೆಮಟ್ಟಕ್ಕೆ ನಿಂತ ಅಲಗಿಗೆ ಮೀನನ್ನು ಎರಡೂ ಕೈಯಲ್ಲಿ ಒತ್ತಿ ಹೋಳು ಮಾಡುತ್ತಿದ್ದರು. ಅವರು ಬೊಂಟಿ ಎನ್ನುವ ಆ ಅಲಗು ನಮ್ಮ ಮೆಟ್ಟುಗತ್ತಿಯೇ. ಕಾಲಲ್ಲಿ ಮೆಟ್ಟಿ ಹಿಡಿದು, ಕತ್ತಿಯನ್ನು ಅಲ್ಲಾಡಿಸದೆ ತರಕಾರಿಯನ್ನೇ ಅದರ ಕಡೆಗೆ ಒಯ್ಯುವ ಕ್ರಮವೂ ಅದೇ. ನಮ್ಮ ಮನೆಗಳಲ್ಲಿ ಮೆಟ್ಟುಗತ್ತಿ ಅಟ್ಟ ಸೇರಿ ವರ್ಷಗಳಾದವು. ಗರಿಯಾಹಾಟ್‌ನಲ್ಲಿ ಅದು ದಿನಕ್ಕೆ ನೂರಾರು ಮೀನು ಕೊಯ್ಯುತ್ತದೆ.

ಮೂಲೆಯಲ್ಲಿ ಒಬ್ಬಾಕೆ ಬೋರೆಹಣ್ಣು ರಾಶಿ ಹಾಕಿಕೊಂಡಿದ್ದಳು. ನಾನು ಒಂದನ್ನು ಬಾಯಿಗೆ ಹಾಕಿಕೊಂಡಾಗ ದಾದಾ ನಕ್ಕರು. ಸರಸ್ವತಿ ಪೂಜೆಗೆ ಮೊದಲು ಓದುವ ಮಕ್ಕಳು ಬೋರೆಹಣ್ಣು ತಿನ್ನಬಾರದು, ತಿಂದರೆ ಪರೀಕ್ಷೆಯಲ್ಲಿ ಫೇಲು ಎಂದು ಬಂಗಾಳದ ಅಮ್ಮಂದಿರು ಹೆದರಿಸುತ್ತಾರೆ. ಪೂಜೆ ಇನ್ನೂ ಬಂದಿರಲಿಲ್ಲ. ಓದು ಮುಗಿಸಿದವರಿಗೆ ತೊಂದರೆಯಿಲ್ಲ ಎಂದು ಅವರೂ ಒಂದನ್ನು ತಿಂದರು.

ಊಟದ ಜಾಗದ ಹೆಸರೂ ವಿಳಾಸವೂ ಒಂದೇ: ಸಿಕ್ಸ್ ಬಾಲಿಗಂಜ್ ಪ್ಲೇಸ್. ಮರಗಳಿರುವ ಸದ್ದಿಲ್ಲದ ರಸ್ತೆಯಲ್ಲಿ ಒಂದು ಹಳೆಯ ಬಂಗಲೆ. 2003ರಲ್ಲಿ ಅದು ಬಂಗಾಳಿ ಊಟದ ರೆಸ್ಟೊರೆಂಟ್ ಆಯಿತು. ಒಳಗೆ ಹೋದರೆ ಹೋಟೆಲಿಗೆ ಬಂದ ಹಾಗಲ್ಲ, ಯಾರದೋ ದೊಡ್ಡ ಮನೆಗೆ ಊಟಕ್ಕೆ ಕರೆದ ಹಾಗಿರುತ್ತದೆ. ಅಗ್ಗದ ಜಾಗವಲ್ಲ. ಅಕ್ಕಪಕ್ಕದ ಮೇಜುಗಳಲ್ಲಿ ಮೂರು ತಲೆಮಾರಿನ ಕುಟುಂಬಗಳು ಕೂತಿದ್ದವು. ಒಬ್ಬ ಅಜ್ಜ ಮೊಮ್ಮಗಳಿಗೆ ಮೀನಿನ ಮುಳ್ಳು ಬಿಡಿಸಿ ಕೊಡುತ್ತಿದ್ದರು.

ಕೋಲ್ಕತ್ತದಂಥ ಊರಿನಲ್ಲಿ ಬಂಗಾಳಿ ಊಟಕ್ಕೆ ಇಂಥದೊಂದು ಮರ್ಯಾದೆಯ ಜಾಗ ಬರಲು ಇಷ್ಟು ತಡವಾಯಿತು ಎಂಬುದು ನನಗೆ ಆಶ್ಚರ್ಯ. ಪಾರ್ಕ್ ಸ್ಟ್ರೀಟಿನಲ್ಲಿ ಫ್ಲೂರೀಸ್ 1927ರಲ್ಲೇ ಕೇಕು ಮಾರುತ್ತಿತ್ತು. 1956ರಲ್ಲಿ ಮೊಕಾಂಬೊ ಬಂತು, ಬ್ಯಾಂಡಿನ ಸಂಗೀತದ ಜೊತೆ ಯುರೋಪಿನ ಊಟ ಬಡಿಸಿತು. ಮೊಘಲಾಯಿ, ಚೀನೀ ಅಡುಗೆ ಎಲ್ಲಕ್ಕೂ ಹೆಸರಾಂತ ಜಾಗಗಳಿದ್ದವು. ಹೊರಗೆ ಬಂಗಾಳಿ ಅನ್ನ ಮೀನು ಬೇಕೆಂದರೆ ಇದ್ದದ್ದು ಹೆಚ್ಚಾಗಿ ಪೈಸ್ ಹೋಟೆಲುಗಳು. ಮೆಸ್ಸಿನಲ್ಲಿದ್ದ ಗುಮಾಸ್ತರು, ವಿದ್ಯಾರ್ಥಿಗಳು ಅಲ್ಲಿ ಉಣ್ಣುತ್ತಿದ್ದರು. ಅನ್ನಕ್ಕೊಂದು ಕಾಸು, ಬೇಳೆಗೊಂದು, ಮೀನಿಗೊಂದು. ಬಾಳೆಲೆಗೂ ಬೇರೆ ಲೆಕ್ಕ. ಕಾಲೇಜ್ ಸ್ಟ್ರೀಟ್ ಬಳಿಯ ಸ್ವಾಧೀನ್ ಭಾರತ್ ಹಿಂದೂ ಹೋಟೆಲಿನಲ್ಲಿ ಇವತ್ತಿಗೂ ಹಾಗೆ ಉಣ್ಣಬಹುದು. ಉಳಿದವರಿಗೆ ಆ ಊಟ ಮನೆಯಲ್ಲೇ ಇತ್ತು. ಮನೆಯಲ್ಲಿ ದಿನವೂ ಸಿಗುವುದಕ್ಕೆ ದುಡ್ಡು ಕೊಟ್ಟು ಯಾರು ಹೊರಗೆ ಹೋಗುತ್ತಾರೆ? ಮನೆಯ ಹೆಂಗಸರು ಕೆಲಸಕ್ಕೆ ಹೊರಟು, ಅವಿಭಕ್ತ ಮನೆಗಳು ಒಡೆದು, ಬಾಳೆಹೂವು ಬಿಡಿಸುವ ಕೈಗಳು ಇಲ್ಲವಾದ ಮೇಲೆ, 1990ರ ದಶಕದಿಂದ ಈಚೆಗೆ, ಆ ಊಟ ಹೋಟೆಲಿಗೆ ಬಂತು.

ನಮ್ಮಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಉಡುಪಿಯ ಕಡೆಯ ಅಡುಗೆಯವರು ಊರು ಬಿಟ್ಟು ಬಂದು ಮನೆಯ ಅಡುಗೆಯನ್ನು ಬಹಳ ಬೇಗ ಬೀದಿಗೆ ತಂದರು. ಬೆಂಗಳೂರಿನ ಎಂಟಿಆರ್ 1924ರದ್ದು, ವಿದ್ಯಾರ್ಥಿ ಭವನ 1943ರದ್ದು. ಹೊರಗೆ ತಂದ ಮೇಲೆ ಅದನ್ನು ಅವಸರಕ್ಕೆ ಒಗ್ಗಿಸುತ್ತಾ ಹೋದೆವು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ನಿಂತೇ ತಿನ್ನುವುದು ಬೆಂಗಳೂರಿನ ಅಭ್ಯಾಸವಾಯಿತು. ದರ್ಶಿನಿಗಳ ಮೇಲೆ ನನಗೆ ಗೌರವವಿದೆ. ಕಡಿಮೆ ದುಡ್ಡಿಗೆ ಬಿಸಿಯಾಗಿ, ಶುಚಿಯಾಗಿ ಸಾವಿರಾರು ಜನರಿಗೆ ತಿಂಡಿ ಕೊಟ್ಟವು ಅವು. ಆದರೆ ಗೆಳೆಯರ ಜೊತೆ ಅಲ್ಲಿ ಆಡುವ ಮಾತು ಕಾಫಿ ಲೋಟ ಖಾಲಿಯಾಗುವುದರೊಳಗೆ ಮುಗಿಯಬೇಕು. ವರ್ಷಗಟ್ಟಲೆ ಕಾಣದ ಗೆಳತಿಯ ಜೊತೆ ಆಡಬೇಕಾದ ಮಾತು ಅಷ್ಟರಲ್ಲಿ ಬಾಯಿಗೂ ಬರುವುದಿಲ್ಲ.

ಬಡಿಸುವ ಹುಡುಗ ಬಂದ. ದಾದಾ ಮೆನು ಮುಚ್ಚಿಟ್ಟು ಅವನ ಜೊತೆ ಮನೆಯವನ ಜೊತೆ ಮಾತಾಡುವಂತೆ ಮಾತಾಡಿದರು. ಇವತ್ತು ಏನು ಚೆನ್ನಾಗಿದೆ, ಬೆಟ್ಕಿ ಮೀನು ಯಾವಾಗ ಬಂತು, ಬಟಾಣಿ ಕಚೋರಿ ಇದೆಯಾ. ಮೊದಲು ಗೊಂಧೊರಾಜ್ ನಿಂಬೆ ಹಿಂಡಿದ ಮಜ್ಜಿಗೆ ಬಂತು. ಉದ್ದನೆಯ ಆ ನಿಂಬೆಯ ಘಮ ಇರುವುದು ಸಿಪ್ಪೆಯಲ್ಲಿ. ಲೋಟ ಮೇಜಿಗೆ ಬರುವ ಮೊದಲೇ ಪರಿಮಳ ಬಂದಿತ್ತು. ಆಮೇಲೆ ಗೋಬಿಂದೊಭೋಗ್ ಅಕ್ಕಿಯ ಅನ್ನ, ಸಣ್ಣ ಕಾಳು, ತುಪ್ಪವಿಲ್ಲದೆಯೂ ತುಪ್ಪದ ವಾಸನೆ. ಅದರ ಮೇಲೆ ಶುಕ್ತೊ.

ನೋಡಲು ಶುಕ್ತೊ ಬಡಪಾಯಿ. ಬಣ್ಣವಿಲ್ಲ, ಮೇಲೆ ಎಣ್ಣೆ ತೇಲುವುದಿಲ್ಲ. ಹಾಗಲ, ಬಾಳೆಕಾಯಿ, ನುಗ್ಗೆ, ಬದನೆ, ಗೆಣಸು, ಜೊತೆಗೆ ಉದ್ದಿನ ಹಿಟ್ಟಿನ ಒಣಗಿಸಿದ ಬಡಿ. ಎಲ್ಲವೂ ಹಾಲಿನ ತಿಳಿ ಬಿಳಿ ರಸದಲ್ಲಿ. ರಾಂಧುನಿ ಎಂಬ ಓಮಿನ ಜಾತಿಯ ಕಾಳಿನ ಒಗ್ಗರಣೆ, ಶುಂಠಿ, ಸ್ವಲ್ಪ ಸಾಸಿವೆ ಅರೆದದ್ದು. ಮೊದಲ ತುತ್ತಿಗೆ ಹಾಲಿನ ಸಿಹಿ ತಿಳಿಯುತ್ತದೆ, ನುಂಗುವ ಹೊತ್ತಿಗೆ ಕಹಿ. ಆ ಕಹಿ ನಾಲಿಗೆಯಲ್ಲಿ ನಿಲ್ಲದೆ ಬಾಯಿಯನ್ನು ತೊಳೆದು ಹೋಗುತ್ತದೆ. ಇದನ್ನು ಮಧ್ಯಾಹ್ನ ಮಾತ್ರ ಉಣ್ಣುತ್ತಾರೆ, ರಾತ್ರಿಗೆ ಮಾಡುವುದಿಲ್ಲ. ನಮ್ಮ ಕಡೆ ಹಾಗಲಕಾಯಿಗೆ ಬೆಲ್ಲ ಹುಣಸೆ ಹಾಕಿ ಗೊಜ್ಜು ಮಾಡಿ ಕಹಿಯನ್ನು ಹಿಂದಕ್ಕೆ ತಳ್ಳುತ್ತೇವೆ. ಶುಕ್ತೊದಲ್ಲಿ ಕಹಿಯನ್ನು ಮುಚ್ಚಿಡುವುದಿಲ್ಲ.

ಊಟವನ್ನು ಹೀಗೆ ಕ್ರಮದಲ್ಲಿ ಕಟ್ಟುವುದನ್ನು ಬರೆದಿಟ್ಟ ಒಬ್ಬ ಲೇಖಕಿ ಬಂಗಾಳದಲ್ಲಿ ಇದ್ದರು ಎಂದು ದೀದಿ ಹೇಳಿದರು. ಪ್ರಜ್ಞಾಸುಂದರಿ ದೇವಿ, ರವೀಂದ್ರನಾಥ ಟ್ಯಾಗೋರರ ಅಣ್ಣ ಹೇಮೇಂದ್ರನಾಥರ ಮಗಳು, ಅಸ್ಸಾಮಿನ ದೊಡ್ಡ ಸಾಹಿತಿ ಲಕ್ಷ್ಮೀನಾಥ ಬೆಜ್‌ಬರುವಾ ಅವರ ಹೆಂಡತಿ. 20ನೇ ಶತಮಾನದ ಆರಂಭದಲ್ಲಿ ಅವರು ಬರೆದ ‘ಆಮಿಷ್ ಓ ನಿರಾಮಿಷ್ ಆಹಾರ್’ ಬಂಗಾಳಿ ಅಡುಗೆಯ ಮೊದಲ ದೊಡ್ಡ ಪುಸ್ತಕಗಳಲ್ಲೊಂದು. ಮೆನು ಎಂಬುದಕ್ಕೆ ಅವರು ಕ್ರಮಣಿ ಎಂಬ ಹೆಸರಿಟ್ಟು, ಯಾವ ಊಟಕ್ಕೆ ಯಾವುದರ ಹಿಂದೆ ಯಾವುದು ಬರಬೇಕು ಎಂದು ಪಟ್ಟಿ ಮಾಡಿದ್ದರು. ಚಿಕ್ಕಪ್ಪನಿಗೆ ಐವತ್ತು ತುಂಬಿದಾಗ ಹೂಕೋಸಿನಿಂದ ಬರ್ಫಿ ಮಾಡಿ ಕವಿಯ ಹೆಸರಿನಲ್ಲಿ ಕೊಟ್ಟವರು ಆಕೆ. ಈ ಮಾತಿಗೆ ಸರಿಯಾಗಿ ಕಡಲೆಬೇಳೆ ಬಂತು. ತೆಂಗಿನಕಾಯಿಯ ಸಣ್ಣ ಚೂರುಗಳನ್ನು ತುಪ್ಪದಲ್ಲಿ ಹುರಿದು ಹಾಕಿದ್ದರು, ಜೊತೆಗೆ ಉಬ್ಬಿದ ಬಿಳಿ ಲುಚಿ, ಅಲ್ಲಿನ ಪೂರಿ.

ಮೀನಿಗೆ ಬರುವ ಹೊತ್ತಿಗೆ ವಾದ ಶುರುವಾಯಿತು. ದಾದಾನ ಮನೆಯವರು ದೇಶ ಒಡೆದಾಗ ಬಾರಿಸಾಲ್‌ನಿಂದ ಬಂದವರು, ಪೂರ್ವ ಬಂಗಾಳದವರು. ದೀದಿಯ ಮನೆತನ ಉತ್ತರ ಕೋಲ್ಕತ್ತದ್ದೇ. ಫುಟ್‌ಬಾಲಿನಲ್ಲಿ ಒಬ್ಬರಿಗೆ ಈಸ್ಟ್ ಬೆಂಗಾಲ್, ಇನ್ನೊಬ್ಬರಿಗೆ ಮೋಹನ್ ಬಾಗಾನ್. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಗೆದ್ದರೆ ಆ ಕಡೆಯ ಮನೆಗಳಲ್ಲಿ ಇಲಿಶ್ ಮೀನು, 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಗೆದ್ದರೆ ಈ ಕಡೆಯ ಮನೆಗಳಲ್ಲಿ ಸಿಗಡಿ. ಪಂದ್ಯದ ಮರುದಿನ ಮಾರುಕಟ್ಟೆಯಲ್ಲಿ ಯಾವುದರ ಬೆಲೆ ಏರಿದೆ ಎಂದು ನೋಡಿದರೆ ಗೆದ್ದವರು ಯಾರೆಂದು ಗೊತ್ತಾಗುತ್ತದೆ ಎಂದು ದೀದಿ ಹೇಳಿದಾಗ ಬಡಿಸುವ ಹುಡುಗನೂ ನಕ್ಕ. ಅವನು ಯಾವ ಕಡೆ ಎಂದು ದಾದಾ ಕೇಳಿದರು, ಅವನು ಹೇಳಲಿಲ್ಲ.

ಇಲಿಶ್ ಇದೆ, ತರಲೇ ಎಂದು ಕೇಳಿದ. ದಾದಾ ಬೇಡ ಎಂದರು. ವಿಜಯದಶಮಿಯ ಹೊತ್ತಿಗೆ ಅವರ ಮನೆಯಲ್ಲಿ ಇಲಿಶ್ ನಿಲ್ಲುತ್ತದೆ, ಮತ್ತೆ ಬರುವುದು ಸರಸ್ವತಿ ಪೂಜೆಯ ದಿನ, ಜೋಡಿ ಮೀನಾಗಿ. ಸಮುದ್ರದಲ್ಲಿ ಬದುಕುವ ಈ ಮೀನು ಮೊಟ್ಟೆಯಿಡಲು ನದಿ ಹತ್ತಿ ಬರುತ್ತದೆ. ಮಳೆಗಾಲ ಕಳೆದ ಮೇಲೆ ಮರಿಗಳು ಬೆಳೆದು ಸಮುದ್ರಕ್ಕೆ ಮರಳಬೇಕು. ಬಾಂಗ್ಲಾದೇಶದಲ್ಲಿ ಸರ್ಕಾರವೇ ಅಕ್ಟೋಬರ್ ಸುಮಾರಿಗೆ 22 ದಿನ ಇಲಿಶ್ ಹಿಡಿಯುವುದನ್ನು ನಿಲ್ಲಿಸುತ್ತದೆ. ಇತ್ತ ಗಂಗೆಯಲ್ಲಿ 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದ ಮೇಲೆ ಮೀನು ಅದರಾಚೆಗೆ ಹೋಗುವುದು ಕಷ್ಟವಾಯಿತು. ಬಿಹಾರ, ಉತ್ತರ ಪ್ರದೇಶದವರೆಗೂ ಈಜುತ್ತಿದ್ದ ಮೀನು ಅಲ್ಲಿನವರಿಗೆ ಕಥೆಯಾಯಿತು. ಫ್ರೀಜರ್ ಬಂದ ಮೇಲೆ ವರ್ಷವಿಡೀ ಎಲ್ಲವೂ ಸಿಗುತ್ತದೆ. ಸಿಗುವುದನ್ನು ಬೇಡ ಎನ್ನಲು ದಾದಾನಿಗೆ ಯಾವ ಕಾನೂನೂ ಬೇಕಾಗಲಿಲ್ಲ. ನನಗೆ ಅದು ತುಂಬ ಹಿಡಿಸಿತು.

ಹಾಗಾಗಿ ಬಂದದ್ದು ಬೆಟ್ಕಿ ಪಾತುರಿ. ಬಾಳೆಲೆಯ ಚೌಕ ಪೊಟ್ಟಣ, ದಾರದಲ್ಲಿ ಬಿಗಿದು ಕಟ್ಟಿದ್ದು, ಕಾವಲಿಯ ಮೇಲಿಟ್ಟಲ್ಲಿ ಎಲೆ ಕಂದಿತ್ತು. ದಾರ ಬಿಚ್ಚಿದೆ. ಎಲೆಯ ಮಡಿಕೆ ತೆರೆದ ಕೂಡಲೇ ಉಗಿಯ ಜೊತೆ ಸಾಸಿವೆಯ ಘಾಟು ಮೂಗಿಗೆ ಏರಿತು. ಒಳಗೆ ಹಳದಿ ಹಸಿರು ಬಣ್ಣದ ದಪ್ಪ ಲೇಪ, ಅದರೊಳಗೆ ಬೆರಳು ತಾಗಿಸಿದರೆ ಪದರ ಪದರವಾಗಿ ಬಿಡುವ ಬಿಳಿ ಮೀನು. ಮುಳ್ಳಿಲ್ಲ. ಸಾಸಿವೆ, ತೆಂಗಿನತುರಿ, ಹಸಿಮೆಣಸು, ಸಾಸಿವೆ ಎಣ್ಣೆ, ಅಷ್ಟೇ. ಇದರಲ್ಲಿ ಸಾಸಿವೆ ಸಿಡಿಸಿದ್ದಲ್ಲ, ನೆನೆಸಿ ಹಸಿಯಾಗಿ ಅರೆದದ್ದು. ಇಡೀ ಕಾಳಿಗೆ ಘಾಟಿಲ್ಲ. ನೀರು ತಾಗಿಸಿ ಅರೆದಾಗಲೇ ಅದು ಏಳುತ್ತದೆ. ಕಹಿ ಬಾರದಿರಲೆಂದು ಉಪ್ಪು, ಹಸಿಮೆಣಸು ಹಾಕಿಯೇ ಅರೆಯುತ್ತಾರೆ. ನಾನು ಗೆಳತಿಯ ಮುಖ ನೋಡಿದೆ. “ನಮ್ಮ ಸಾಸ್ಮೆ ಕಣೇ ಇದು, ಮೊಸರು ಬೆಲ್ಲ ಬಿಟ್ಟು,” ಎಂದಳು. ಮಾವಿನ ಹಣ್ಣಿಗೆ, ಬೆಂಡೆಕಾಯಿಗೆ ಮಲೆನಾಡಿನಲ್ಲಿ ಕಾಯಿ ಜೊತೆ ಹಸಿ ಸಾಸಿವೆ ಅರೆದು ಹಾಕುವುದಿಲ್ಲವೇ, ಅದೇ ಕೈ, ಅದೇ ಕಲ್ಲು. ಅವಳು ಮೀನು ಮುಟ್ಟದಿದ್ದರೂ ಎಲೆಗೆ ಅಂಟಿದ ಲೇಪದ ವಾಸನೆಯಿಂದಲೇ ಅದನ್ನು ಹೇಳಿದಳು.

ಅವಳ ತಟ್ಟೆಯಲ್ಲಿ ಇದ್ದದ್ದು ಮೋಚಾರ್ ಘೊಂಟೊ, ಬಾಳೆಹೂವಿನ ಪಲ್ಯ. ಆಲೂ ಪೋಸ್ತೊ, ಅಂದರೆ ಗಸಗಸೆ ಅರೆದು ಹಾಕಿದ ಆಲೂಗಡ್ಡೆ. ಗಸಗಸೆಯನ್ನು ನಾವು ಹೆಚ್ಚಾಗಿ ಹಬ್ಬದ ಪಾಯಸಕ್ಕೆ ಹಾಕುತ್ತೇವೆ. ಬಂಗಾಳದ ರಾಢ ಪ್ರದೇಶದ ಬಡವರಿಗೆ ಅದು ದಿನದ ಪಲ್ಯವಾದದ್ದಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಅಫೀಮಿನ ಬೇಸಾಯವೇ ಕಾರಣವೆಂದು ಅಲ್ಲಿನವರು ಹೇಳುತ್ತಾರೆ: ಕಾಯಿಯ ಹಾಲು ಕಂಪನಿಗೆ, ಉಳಿದ ಬೀಜ ರೈತನ ಮನೆಗೆ. ಮತ್ತೆ ಧೋಕಾರ್ ದಾಲ್ನಾ, ಬೇಳೆ ಅರೆದು ಬೇಯಿಸಿ ಕತ್ತರಿಸಿ ಕರಿದ ಬಿಲ್ಲೆಗಳ ಸಾರು. ಇದ್ಯಾವುದಕ್ಕೂ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಇಂಗು, ಶುಂಠಿ, ಜೀರಿಗೆಯ ಮೇಲೇ ನಿಂತ ರುಚಿ. ಮೀನಿನ ಊರಿಗೆ ಸೊಸೆಯಾಗಿ ಬಂದು ಏನು ತಿಂದು ಬದುಕಿದೆ ಎಂದು ನಾನು ಹಿಂದೆಯೂ ಕೇಳಿದ್ದೆ; ಫೋನಿನಲ್ಲಿ ಅವಳು ನಕ್ಕು ಮಾತು ಬದಲಿಸಿದ್ದಳು. ಅವತ್ತು ಹೊತ್ತಿತ್ತು. ಹೇಳಿದಳು.

“ಮದುವೆಯಾಗಿ ಬಂದ ಹೊಸದರಲ್ಲಿ ಅನ್ನ ಬೇಳೆ ತಿಂದುಕೊಂಡೇ ಇದ್ದೆ ಮಾರಾಯ್ತಿ. ಅತ್ತೆ ಒಂದು ವಾರ ನೋಡಿದರು. ಆಮೇಲೆ ಒಂದು ಬೆಳಿಗ್ಗೆ ಅಟ್ಟದಿಂದ ಬೇರೆ ಪಾತ್ರೆ ಇಳಿಸಿದರು. ಪಿಶಿಠಾಕುಮಾ ಅವರ ಪಾತ್ರೆ.”

ಪಿಶಿಠಾಕುಮಾ ಎಂದರೆ ದಾದಾನ ತಂದೆಯ ಸೋದರತ್ತೆ. ಬಾರಿಸಾಲ್‌ನಲ್ಲಿ ಚಿಕ್ಕಂದಿನಲ್ಲೇ ಮದುವೆ, ದೊಡ್ಡವಳಾಗುವ ಮೊದಲೇ ವೈಧವ್ಯ. ವಿದ್ಯಾಸಾಗರರ ಹೋರಾಟದಿಂದ 1856ರಲ್ಲಿ ವಿಧವಾ ಪುನರ್ವಿವಾಹ ಕಾಯ್ದೆ ಬಂದಿತ್ತು. ಕಾಯ್ದೆ ಆ ಅಡುಗೆಮನೆಯನ್ನು ತಲುಪಲಿಲ್ಲ. ಮೀನು ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಮಸೂರ್ ಬೇಳೆಯೂ ಇಲ್ಲ. ದಿನಕ್ಕೆ ಒಂದೇ ಹೊತ್ತು ಅನ್ನ, ಏಕಾದಶಿಯ ದಿನ ನೀರೂ ಇಲ್ಲ. ಮನೆಯ ಇನ್ನೊಂದು ಮೂಲೆಯಲ್ಲಿ ಬೇರೆ ಒಲೆ. ನಮ್ಮಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಗೆಳತಿಯೂ ಆ ಪುಸ್ತಕವನ್ನು ಹಾಸ್ಟೆಲಿನಲ್ಲಿ ಒಂದೇ ಪ್ರತಿಯಿಂದ ಓದಿದ್ದೆವು. ಮಡಿಬಟ್ಟೆಯ, ಬೋಳುತಲೆಯ ಅಂಥ ಅಜ್ಜಿಯರು ಅವಳ ಮನೆಯಲ್ಲೂ ಇದ್ದರು. ಹೀರೆಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿ ತಿರುಳಿನ ದೋಸೆ, ಬೇಲಿಯ ಸೊಪ್ಪಿನ ತಂಬುಳಿ, ಇವೆಲ್ಲ ಅವರ ಕೈಯಲ್ಲೂ ಹದವಾದವು.

ದೀದಿ ಚಮಚ ಕೆಳಗಿಟ್ಟು ಮಾತಾಡಿದರು. ಬಂಗಾಳದ ಸಸ್ಯಾಹಾರದ ಅಡುಗೆಯಲ್ಲಿ ಎಷ್ಟನ್ನೋ ಕಟ್ಟಿದವರು ಈ ಹೆಂಗಸರು. ರುಚಿ ಪಡುವುದೇ ಪಾಪ ಎಂದು ಹೇಳಿಸಿಕೊಂಡವರು, ಕೈಗೆ ಸಿಕ್ಕ ಸಿಪ್ಪೆ, ದಂಟು, ಹೂವು, ಕಹಿಕಾಯಿಯಲ್ಲಿ ರುಚಿಯನ್ನು ಹುಡುಕಿ ತೆಗೆದರು. ಮನೆಯ ಮಕ್ಕಳೆಲ್ಲ ಮೀನಿನ ಒಲೆ ಬಿಟ್ಟು ಅಜ್ಜಿಯ ಒಲೆಯ ಬಳಿ ಹೋಗಿ ತುತ್ತಿಗೆ ಕೈಚಾಚುತ್ತಿದ್ದರು. ತನ್ನ ಅಜ್ಜಿ ತನಗಿದ್ದ ಒಂದೇ ಊಟದಲ್ಲಿ ಅರ್ಧವನ್ನು ಹೀಗೆ ಹಂಚಿಬಿಡುತ್ತಿದ್ದಳು ಎಂದರು ದೀದಿ. ಪುಸ್ತಕ ಬರೆದ ಪ್ರಜ್ಞಾಸುಂದರಿಯ ಹೆಸರು ಉಳಿಯಿತು, ಅದು ಉಳಿಯಬೇಕಾದದ್ದೇ. ಒಲೆಯ ಮುಂದೆ ಕೂತು ಘೊಂಟೊ ಹದ ಮಾಡಿದವಳ ಹೆಸರನ್ನು ಯಾರೂ ಬರೆಯಲಿಲ್ಲ.

ಬಾಳೆಹೂವು ಬಿಡಿಸುವುದನ್ನು ಗೆಳತಿ ಕಲಿತದ್ದು ಅತ್ತೆಯಿಂದ, ಅತ್ತೆ ಕಲಿತದ್ದು ಆ ಪಿಶಿಠಾಕುಮಾರಿಂದ. ಕೆಂಪು ದಳ ಒಂದೊಂದೇ ಎತ್ತಿದರೆ ಒಳಗೆ ಬಾಚಣಿಗೆಯ ಹಾಗೆ ಹೂಗಳ ಸಾಲು. ಪ್ರತಿ ಹೂವಿನಲ್ಲೂ ನಡುವೆ ಬೇಯದ ಒಂದು ಗಟ್ಟಿ ಕಡ್ಡಿ, ಬುಡದಲ್ಲಿ ಗಾಜಿನಂಥ ಒಂದು ಪೊರೆ. ಎರಡನ್ನೂ ಕಿತ್ತು ಹಾಕಬೇಕು. ಒಂದು ಬಿಟ್ಟುಹೋದರೂ ಗಂಟಲಿಗೆ ಸಿಗುತ್ತದೆ. ಕೈಗೆ ಎಣ್ಣೆ ಸವರಿಕೊಳ್ಳದಿದ್ದರೆ ಸೊನೆ ಹತ್ತಿ ಬೆರಳು ಕಪ್ಪಾಗಿ ದಿನಗಟ್ಟಲೆ ಹೋಗುವುದಿಲ್ಲ. ಆಮೇಲೆ ಸಣ್ಣಗೆ ಹೆಚ್ಚಿ, ಅರಿಸಿನದ ನೀರಿನಲ್ಲಿ ನೆನೆಹಾಕಿ, ಬೇಯಿಸಿ, ಹಿಂಡಿ, ಆಮೇಲೆ ಒಗ್ಗರಣೆ. ಒಂದು ಹೂವಿಗೆ ಒಂದು ಬೆಳಗಿನ ಹೊತ್ತು ಪೂರಾ ಬೇಕು. ಬೆಂದ ಮೇಲೆ ಸಿಗುವುದು ಒಂದು ಸಣ್ಣ ಬಟ್ಟಲು. ನನ್ನ ಮುಂದೆ ಆ ಬಟ್ಟಲಿತ್ತು. ತೆಂಗಿನತುರಿ, ನೆನೆಸಿದ ಕಡಲೆ, ತುಪ್ಪ ಗರಂ ಮಸಾಲೆಯ ವಾಸನೆ. ಮಾಂಸದ ಹಾಗೆ ಹಲ್ಲಿಗೆ ಸಿಗುವ ಗುಣ.

ಈ ಒಂದು ಬಟ್ಟಲಿಗೆ ಹೋಟೆಲಿನವರು ಹಾಕುವ ಬೆಲೆಯನ್ನು ನಾನು ಮೆನುವಿನಲ್ಲಿ ನೋಡಿದೆ. ಮನೆಯಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದುದಕ್ಕೆ ಇಷ್ಟು ದುಡ್ಡೇ ಎಂದು ಹಿರಿಯರು ಕೇಳುತ್ತಾರಂತೆ. ಅದು ಪುಕ್ಕಟೆಯಾಗಿ ಸಿಗಲಿಲ್ಲ. ದುಡಿದವರಿಗೆ ಕೂಲಿ ಕೊಡದ್ದರಿಂದ ಪುಕ್ಕಟೆಯಾಗಿ ಕಂಡಿತು. ಇವತ್ತು ಆ ಬಂಗಲೆಯ ಹಿಂದಿನ ಅಡುಗೆಮನೆಯಲ್ಲಿ ಸಂಬಳ ತೆಗೆದುಕೊಂಡು ಯಾರೋ ಹೂವು ಬಿಡಿಸುತ್ತಾರೆ, ವಾರಕ್ಕೊಂದು ರಜೆ ಪಡೆಯುತ್ತಾರೆ, ತಾವು ಮಾಡಿದ್ದನ್ನು ತಾವೂ ತಿನ್ನಬಹುದು. ಬೆಲೆ ಹೆಚ್ಚಾಯಿತು ಎಂದು ನನಗೆ ಅನ್ನಿಸಲಿಲ್ಲ. ದುಬಾರಿ ಹೋಟೆಲುಗಳ ಬಗ್ಗೆ ನನಗಿದ್ದ ಮುಜುಗರ ಆ ಮೇಜಿನಲ್ಲಿ ಬಹಳ ಮಟ್ಟಿಗೆ ಕರಗಿತು. ಬಂಗಾಳಿಯಲ್ಲದ ಸೊಸೆಯೊಬ್ಬಳಿಗೆ, ತನ್ನ ಮೇಲೆ ಹೇರಿದ ನೇಮದಿಂದಲೇ ಕಟ್ಟಿದ ಊಟವನ್ನು ಪಿಶಿಠಾಕುಮಾ ಬಿಟ್ಟುಹೋಗಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ ಅದೇ ಪಾತ್ರೆಗಳಲ್ಲಿ ಗೆಳತಿಯ ಹೊಟ್ಟೆ ತುಂಬಿತು. ಈರುಳ್ಳಿಯಿಲ್ಲದ ಅಡುಗೆ ಅವಳಿಗೆ ತವರಿನದೇ ಅಡುಗೆ. “ನಾನು ಅವರನ್ನು ನೋಡಿಲ್ಲ. ಆದರೂ ಈ ಮನೆಯಲ್ಲಿ ಮೊದಲು ನನ್ನ ಕೈ ಹಿಡಿದವರು ಅವರೇ,” ಎಂದಳು. ದಾದಾ ಏನೂ ಹೇಳದೆ ಅವಳ ತಟ್ಟೆಗೆ ಇನ್ನೊಂದು ಚಮಚ ಘೊಂಟೊ ಬಡಿಸಿದರು.

ಮಾಂಸ ಬಂತು, ಕಪ್ಪಗೆ ಹುರಿದು ಹುರಿದು ಬೇಯಿಸಿದ ಕೊಶಾ ಮಾಂಗ್ಶೊ. ಚೆನ್ನಾಗಿತ್ತು. ಟೊಮೆಟೊ, ಖರ್ಜೂರ, ಮಾಂಬಳ ಹಾಕಿದ ಚಟ್ನಿಗೆ ಹಪ್ಪಳ ಮುರಿದು ಹಾಕಿ ತಿಂದೆವು. ಅಷ್ಟು ಹೊತ್ತಿಗೆ ಮೂರು ಗಂಟೆ ದಾಟಿತ್ತು. ಯಾರೂ ಬಿಲ್ಲು ತಂದು ಮುಂದಿಡಲಿಲ್ಲ, ಮೇಜು ಒರೆಸಲು ಬಂದು ನಿಲ್ಲಲಿಲ್ಲ.

ಸಿಹಿಗೆ ನೊಲೆನ್ ಗುಡ. ಚಳಿಗಾಲದಲ್ಲಿ ಮಾತ್ರ ಸಿಗುವ ಹೊಸ ಬೆಲ್ಲ. ಈಚಲು ಮರದ ತಲೆಯ ಬಳಿ ಕೆತ್ತಿ, ಬಿದಿರಿನ ನಾಲಿಗೆ ಸಿಕ್ಕಿಸಿ, ಸಂಜೆ ಮಡಕೆ ಕಟ್ಟಿ, ಬೆಳಕು ಹರಿಯುವ ಮೊದಲು ಇಳಿಸುತ್ತಾರೆ. ಬಿಸಿಲು ಬಿದ್ದರೆ ರಸ ಹುಳಿಯುತ್ತದೆ. ಈ ಕೆಲಸದವರನ್ನು ಶಿಉಲಿ ಎನ್ನುತ್ತಾರೆ. ಮರಕ್ಕೂ ನಡುವೆ ಬಿಡುವು ಕೊಡುತ್ತಾರೆ, ಬಿಡುವಿನ ನಂತರ ಇಳಿಸಿದ ಮೊದಲ ರಸವೇ ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಬಯಲುಸೀಮೆಯಲ್ಲಿ ಹೆಂಡ ಇಳಿಸುತ್ತಿದ್ದ ಈಚಲು ಮರವೇ ಇದು. ನಮ್ಮಲ್ಲಿ ಅದರಿಂದ ಬೆಲ್ಲ ಮಾಡುವುದನ್ನು ನಾನು ಕಂಡಿಲ್ಲ. ಹೊಗೆಯ ವಾಸನೆಯ ಆ ಬೆಲ್ಲದ ಸಂದೇಶ್ ಬಾಯಲ್ಲಿ ಕರಗಿತು. ಜೋನಿಬೆಲ್ಲದ ಊರಿನ ಗೆಳತಿ ಇದಕ್ಕೆ ಮಾತ್ರ ಪೂರಾ ಬಂಗಾಳಿಯಾಗಿದ್ದಾಳೆ. ಒಂದರ ಮೇಲೊಂದು ಮೂರು ತಿಂದಳು.

ಮನೆಗೆ ಬಂದಾಗ ದಾದಾನ ತಾಯಿ, ನನಗೆ ಮಾಶಿಮಾ, ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಏನೇನು ತಿಂದಿರಿ, ಮೊದಲಿಂದ ಹೇಳಿ ಎಂದರು. ನಾನು ಹಿಂದಿ ಬಂಗಾಳಿ ಬೆರೆಸಿ ಹೇಳುತ್ತಾ ಹೋದೆ, ಗೆಳತಿ ತಿದ್ದುತ್ತಾ ಹೋದಳು. ಶುಕ್ತೊಗೆ ಹಾಲು ಯಾವಾಗ ಹಾಕಿದ್ದರು, ಇಳಿಸುವ ಮೊದಲೋ ಕುದಿಯುವಾಗಲೋ? ರಾಂಧುನಿಯ ವಾಸನೆ ಇತ್ತೇ? ಮೂಲಂಗಿ? ಮೂಲಂಗಿ ಇರಲಿಲ್ಲ ಎಂದೆವು. ಅವರು ತಲೆಯಾಡಿಸಿದರು. ಚಳಿಗಾಲದಲ್ಲಿ ಮೂಲಂಗಿ ಹಾಕದೆ ಪಿಶಿಮಾ ಶುಕ್ತೊ ಮಾಡುತ್ತಿರಲಿಲ್ಲವಂತೆ. ಗಂಡನ ಮನೆಯ ರೂಢಿಯಂತೆ ಅವರನ್ನು ಈಕೆ ಪಿಶಿಮಾ ಎನ್ನುತ್ತಾರೆ. ಉಳಿದದ್ದು ಸರಿಯಿರಬಹುದು ಎಂದರು.

ಆಮೇಲೆ ಮಗನನ್ನು ಕರೆದು ಪಟ್ಟಿ ಹೇಳತೊಡಗಿದರು. ಬೆಳಿಗ್ಗೆ ಏಳಕ್ಕೆ ಮೊದಲೇ ಹೋಗು. ಹಾಗಲ ಸಣ್ಣದು, ಮೈತುಂಬ ಮುಳ್ಳಿರುವುದು. ಮೂಲಂಗಿ ಬೆರಳಿಗಿಂತ ದಪ್ಪ ಬೇಡ. ಬಾಳೆಹೂವು ಕೈಯಲ್ಲಿ ಹಿಡಿದರೆ ಭಾರ ತಿಳಿಯಬೇಕು, ದಳ ಬಿರಿದದ್ದು ತರಬೇಡ. ದಾದಾ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದರು. ಮಾಶಿಮಾ ನನ್ನ ಕಡೆ ತಿರುಗಿ, ಬಿಡಿಸಲು ಕೂರುತ್ತೀಯಾ ಎಂದು ಕೇಳಿದರು. ನನ್ನ ರೈಲು ಹೌರಾದಿಂದ ಹೊರಡುವುದು ಮರುದಿನ ರಾತ್ರಿ. ಕೂರುತ್ತೇನೆ ಎಂದೆ. ಹಾಗಾದರೆ ಎರಡು ಹೂವು ತಾ ಎಂದು ಅವರು ಮಗನಿಗೆ ಹೇಳಿದರು.